ಹುಲ್ಲುಗಾವಲಿನ ಒಂದು ಹಿಡಿ ಮಣ್ಣು: ಎಲಿಜಬೆತ್ ಹೇಜನ್

ನಿಸ್ಟಾಟಿನ್ ಅಂತ ಒಂದು ಔಷಧ ಇದೆ. ಹಳದಿ ಬಣ್ಣದ ದ್ರವ, ಚಿಕ್ಕ ಬಾಟಲಿಯಲ್ಲಿ ಬರತ್ತೆ. ಕಿಡ್ನಿ ಅಥವಾ ಲಿವರ್ ಕಸಿ ಮಾಡಿಸಿಕೊಂಡವರಿಗೆ ಆಪರೇಷನ್ ಆದ ಮೊದಲ ವಾರಗಳಲ್ಲಿ ಎಷ್ಟೋ ಆಸ್ಪತ್ರೆಗಳಲ್ಲಿ ಇದನ್ನ ಕೊಡ್ತಾರೆ. ಬಾಯಲ್ಲಿ ಚೆನ್ನಾಗಿ ಮುಕ್ಕಳಿಸಿ ಆಮೇಲೆ ನುಂಗಬೇಕು. ಔಷಧಿಗಳ ಹೆಸರಿಗೆಲ್ಲ ಅರ್ಥ ಹುಡುಕೋಕೆ ಹೋಗಬಾರದು, ಆದ್ರೆ ಈ ಹೆಸರಿಗೆ ಇದೆ. ಎನ್, ವೈ, ಸ್ಟೇಟ್. ಅಂದ್ರೆ ನ್ಯೂಯಾರ್ಕ್ ರಾಜ್ಯ. ಒಂದು ರಾಜ್ಯದ ಆರೋಗ್ಯ ಇಲಾಖೆಯ ಲ್ಯಾಬಿನಲ್ಲಿ ಸರ್ಕಾರಿ ಸಂಬಳಕ್ಕೆ ಕೆಲಸ ಮಾಡ್ತಿದ್ದ ಇಬ್ಬರು ಹೆಂಗಸರು ಕಂಡುಹಿಡಿದ ಔಷಧ ಇದು. ಶಿಲೀಂಧ್ರವನ್ನ ಕೊಲ್ಲುವ, ಆದರೆ ಮನುಷ್ಯರಿಗೆ ಕೊಡಬಹುದಾದ ಮೊದಲ ಆಂಟಿಬಯಾಟಿಕ್. ಆ ಇಬ್ಬರಲ್ಲಿ ವಯಸ್ಸಿನಲ್ಲಿ ಹಿರಿಯರು ಎಲಿಜಬೆತ್ ಲೀ ಹೇಜನ್. ಈ ಲೇಖನ ಮುಖ್ಯವಾಗಿ ಅವರ ಬಗ್ಗೆ. ಇನ್ನೊಬ್ಬರು ರೇಚಲ್ ಫುಲ್ಲರ್ ಬ್ರೌನ್. ಅವರನ್ನ ಬಿಟ್ಟು ಹೇಜನ್ ಕತೆ ಹೇಳೋಕೆ ಆಗಲ್ಲ, ಹಾಗಾಗಿ ಅವರೂ ಬರ್ತಾರೆ.

ಅಂಗಾಂಗ ಕಸಿಗೂ ಬೂಷ್ಟಿಗೂ ಏನು ಸಂಬಂಧ ಅಂತ ಮೊದಲು ಹೇಳಿಬಿಡೋಣ. ಇಲ್ಲಾಂದ್ರೆ ಹೇಜನ್ ಮಾಡಿದ ಕೆಲಸದ ತೂಕ ಗೊತ್ತಾಗಲ್ಲ.

ಕಸಿ ಅನ್ನೋದು ನಮ್ಮ ತೋಟದ ಮಾತು. ನಾಟಿ ಮಾವಿನ ಗಿಡಕ್ಕೆ ಬಾದಾಮಿಯ ಕಡ್ಡಿ ಕಟ್ಟಿದ್ರೆ ಗಿಡ ಹೆಚ್ಚು ತಕರಾರು ಮಾಡಲ್ಲ, ಒಪ್ಪಿಕೊಂಡು ಬೆಳೆಯತ್ತೆ. ಮನುಷ್ಯರ ಮೈ ಹಾಗಲ್ಲ. ಬೇರೆಯವರ ಕಿಡ್ನಿ ಒಳಗೆ ಬಂದ ತಕ್ಷಣ ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನ ಶತ್ರು ಅಂತ ಗುರುತಿಸಿ ಹೊಡೆಯೋಕೆ ಶುರು ಮಾಡತ್ತೆ. ಅದಕ್ಕೇ ಕಸಿ ಆದವರು ಈ ಹೊಡೆತವನ್ನ ಅಡಗಿಸುವ ಮಾತ್ರೆಗಳನ್ನ ಸಾಮಾನ್ಯವಾಗಿ ಜೀವನಪೂರ್ತಿ ತಗೋಬೇಕು. ಹಾಸ್ಟೆಲ್ ಗೇಟಿನ ಸೆಕ್ಯುರಿಟಿಯವರಿಗೆ ಈ ಒಬ್ಬನನ್ನ ಮಾತ್ರ ತಡೀಬೇಡಿ ಅಂತ ಹೇಳೋಕೆ ಆಗಿದ್ರೆ ಚೆನ್ನಾಗಿರ್ತಿತ್ತು. ಆದ್ರೆ ಔಷಧಕ್ಕೆ ಗೊತ್ತಿರೋದು ಇಡೀ ಸೆಕ್ಯುರಿಟಿಗೆ ಮಂಪರು ಬರಿಸೋದು ಮಾತ್ರ. ಕಿಡ್ನಿ ಉಳಿಯತ್ತೆ, ಜೊತೆಗೆ ಯಾರ್ಯಾರೋ ಒಳಗೆ ನುಗ್ತಾರೆ.

ಆ ಯಾರ್ಯಾರೋಗಳಲ್ಲಿ ಶಿಲೀಂಧ್ರಗಳು ಮುಖ್ಯ. ಕ್ಯಾಂಡಿಡಾ ನಮ್ಮಲ್ಲಿ ಅನೇಕರ ಬಾಯಲ್ಲಿ, ಕರುಳಲ್ಲಿ ಸುಮ್ಮನೆ ಇರತ್ತೆ. ಆಸ್ಪರ್‌ಜಿಲಸ್‌ನ ಬೀಜಕಣಗಳನ್ನ ನಾವು ದಿನಾ ಉಸಿರಾಡ್ತೀವಿ. ಪಾರಿವಾಳದ ಹಿಕ್ಕೆ ಬಿದ್ದ ಮಣ್ಣಲ್ಲಿ ಕ್ರಿಪ್ಟೊಕಾಕಸ್ ಇರತ್ತೆ. ಹಳೇ ಬ್ರೆಡ್ಡಿನ ಮೇಲೆ ಬರೋ ಬೂಷ್ಟಿನ ಜಾತಿಯವೇ ಮ್ಯೂಕರ್. ಆರೋಗ್ಯವಾಗಿರೋರಿಗೆ ಇವುಗಳಿಂದ ಸಾಮಾನ್ಯವಾಗಿ ಏನೂ ಆಗಲ್ಲ. ಕಸಿ ಆದವರಲ್ಲಿ ಕ್ಯಾಂಡಿಡಾ ರಕ್ತಕ್ಕೆ ಇಳೀಬಹುದು, ಆಸ್ಪರ್‌ಜಿಲಸ್ ಶ್ವಾಸಕೋಶದಲ್ಲಿ ಬೇರು ಬಿಡಬಹುದು, ಕ್ರಿಪ್ಟೊಕಾಕಸ್ ಮೆದುಳಿನ ಪೊರೆ ತನಕ ಹೋಗಬಹುದು. ಅಷ್ಟು ಹೊತ್ತಿಗೆ ಅದು ಬೂಷ್ಟು ಅಲ್ಲ, ಜೀವ ತೆಗೆಯೋ ಕಾಯಿಲೆ.

ಹಾಗಾದ್ರೆ ಔಷಧ ಕೊಟ್ಟು ಸಾಯಿಸಿದ್ರಾಯ್ತು ಅಂತ ಅನ್ನಿಸಬಹುದು. ಇಲ್ಲೇ ಕಷ್ಟ ಇರೋದು. ಬ್ಯಾಕ್ಟೀರಿಯಾ ನಮಗಿಂತ ತುಂಬಾ ಬೇರೆ. ಅದಕ್ಕೆ ನಮ್ಮಲ್ಲಿಲ್ಲದ ಗೋಡೆ ಇದೆ, ಪೆನ್ಸಿಲಿನ್ ಆ ಗೋಡೆಗೇ ಹೊಡೆಯತ್ತೆ. ಶಿಲೀಂಧ್ರ ಮಾತ್ರ ನಮ್ಮ ದೂರದ ನೆಂಟ. ಅದರ ಜೀವಕೋಶಕ್ಕೂ ನ್ಯೂಕ್ಲಿಯಸ್ ಇದೆ, ಮೈಟೊಕಾಂಡ್ರಿಯಾ ಇದೆ, ಒಳಗಿನ ಯಂತ್ರ ಹೆಚ್ಚುಕಮ್ಮಿ ನಮ್ಮದೇ. ಅದಕ್ಕೆ ಹಾಕಿದ ವಿಷ ನಮಗೂ ತಾಗತ್ತೆ. 1940ರ ದಶಕದಲ್ಲಿ ಪೆನ್ಸಿಲಿನ್ ಬಂತು, ಸ್ಟ್ರೆಪ್ಟೊಮೈಸಿನ್ ಬಂತು, ಲೋಕವೆಲ್ಲ ಕುಣಿದಾಡ್ತು. ಆದ್ರೆ ಆಳದ ಶಿಲೀಂಧ್ರ ಸೋಂಕಿಗೆ ನೆಚ್ಚಿಕೊಳ್ಳುವಂಥ ಮದ್ದು ಡಾಕ್ಟರುಗಳ ಕೈಯಲ್ಲಿ ಇರಲಿಲ್ಲ. ಹೊಸ ಆಂಟಿಬಯಾಟಿಕ್‌ಗಳಿಂದ ಸಮಸ್ಯೆ ಹೆಚ್ಚೇ ಆಯ್ತು. ಬ್ಯಾಕ್ಟೀರಿಯಾ ಸತ್ತು ಖಾಲಿಯಾದ ಜಾಗದಲ್ಲಿ ಕ್ಯಾಂಡಿಡಾ ಹಾಯಾಗಿ ಬೆಳೀತಿತ್ತು.

ಈಗ ಹೇಜನ್.

ಹುಟ್ಟಿದ್ದು 1885ರ ಆಗಸ್ಟ್ 24ರಂದು, ಅಮೆರಿಕದ ದಕ್ಷಿಣದಲ್ಲಿರೋ ಮಿಸಿಸಿಪ್ಪಿ ರಾಜ್ಯದ ರಿಚ್ ಅನ್ನೋ ಊರಲ್ಲಿ. ಹೆಸರು ರಿಚ್, ಊರು ಹತ್ತಿ ಬೆಳೆಯೋ ಹಳ್ಳಿ. ಅಪ್ಪ ಅಮ್ಮ ಹತ್ತಿ ಬೆಳೆಗಾರರು. ಮಗುವಿಗೆ ನಾಲ್ಕು ವರ್ಷ ತುಂಬೋದ್ರೊಳಗೆ ಇಬ್ಬರೂ ತೀರಿಕೊಂಡರು. ಎಲಿಜಬೆತ್ ಮತ್ತೆ ಅವರ ಅಕ್ಕ ಬೆಳೆದಿದ್ದು ಲೂಲಾ ಅನ್ನೋ ಊರಲ್ಲಿ, ಚಿಕ್ಕಪ್ಪ ಚಿಕ್ಕಮ್ಮನ ಮನೆಯಲ್ಲಿ. ಓದಿದ್ದು ಒಂದೇ ಕೋಣೆಯ ಶಾಲೆ, ನಮ್ಮ ಹಳ್ಳಿಗಳ ಏಕೋಪಾಧ್ಯಾಯ ಶಾಲೆ ತರ. ಅಲ್ಲಿಂದ ಕೊಲಂಬಸ್ ಊರಿನ ಹೆಣ್ಣುಮಕ್ಕಳ ಸರ್ಕಾರಿ ಕಾಲೇಜಿಗೆ ಹೋಗಿ 1910ರಲ್ಲಿ ಬಿಎಸ್ ಮುಗಿಸಿದ್ರು. ಆಮೇಲೆ ಕೆಲವು ವರ್ಷ ಜಾಕ್ಸನ್ ನಗರದ ಹೈಸ್ಕೂಲಲ್ಲಿ ಫಿಸಿಕ್ಸ್ ಮತ್ತು ಬಯಾಲಜಿ ಮೇಷ್ಟ್ರಾಗಿದ್ರು.

ಇಲ್ಲಿಗೇ ಕತೆ ಮುಗಿದಿದ್ರೆ ಯಾರೂ ಬೇಜಾರು ಮಾಡಿಕೊಳ್ತಿರಲಿಲ್ಲ. ಆ ಕಾಲದ ಒಬ್ಬ ಅನಾಥ ಹುಡುಗಿಗೆ ಟೀಚರ್ ಕೆಲಸ ಅಂದ್ರೆ ದೊಡ್ಡದೇ. ಆದ್ರೆ ಅವರು ಮೂವತ್ತು ದಾಟಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ್ರು. 1917ರಲ್ಲಿ ಎಂಎ ಆಯ್ತು. ಆಗ ಮೊದಲ ಮಹಾಯುದ್ಧ ನಡೀತಿತ್ತು, ಸೈನ್ಯದ ರೋಗಪತ್ತೆ ಲ್ಯಾಬುಗಳಲ್ಲಿ ಕೆಲಸ ಮಾಡಿದ್ರು. ಯುದ್ಧ ಮುಗಿದ ಮೇಲೆ ಪಶ್ಚಿಮ ವರ್ಜೀನಿಯಾದ ಒಂದು ಆಸ್ಪತ್ರೆಯ ಲ್ಯಾಬಲ್ಲಿ ನಾಲ್ಕು ವರ್ಷ. ಮತ್ತೆ ಕೊಲಂಬಿಯಾಕ್ಕೆ ವಾಪಸ್. ಹರಳು ಬೀಜದಲ್ಲಿರೋ ರೈಸಿನ್ ಅನ್ನೋ ವಿಷಕ್ಕೆ ದೇಹ ಹೇಗೆ ಪ್ರತಿರೋಧ ಬೆಳೆಸಿಕೊಳ್ಳತ್ತೆ ಅನ್ನೋದು ಅವರ ಸಂಶೋಧನೆ. ಪಿಎಚ್‌ಡಿ ಸಿಕ್ಕಿದ್ದು 1927ರಲ್ಲಿ. ವಯಸ್ಸು ಆಗ 42ರ ಹತ್ತಿರ. ಒಂದು ಬ್ಯಾಕ್‌ಲಾಗ್ ಉಳಿದ್ರೆ ಬದುಕೇ ಲೇಟಾಯ್ತು ಅಂತ ಕೊರಗೋ ನಮಗೆ ಈ ಟೈಮ್‌ಲೈನ್ ನೋಡಿದ್ರೆ ಸ್ವಲ್ಪ ನೆಮ್ಮದಿ ಆಗತ್ತೆ, ಸುಳ್ಳು ಯಾಕೆ ಹೇಳಬೇಕು.

1931ರಲ್ಲಿ ನ್ಯೂಯಾರ್ಕ್ ರಾಜ್ಯ ಆರೋಗ್ಯ ಇಲಾಖೆಯ ಪ್ರಯೋಗಾಲಯ ವಿಭಾಗಕ್ಕೆ ಸೇರಿದ್ರು. ಕೇಂದ್ರ ಲ್ಯಾಬ್ ಇದ್ದಿದ್ದು ರಾಜಧಾನಿ ಆಲ್ಬನಿಯಲ್ಲಿ. ಹೇಜನ್ ಇದ್ದಿದ್ದು ನ್ಯೂಯಾರ್ಕ್ ನಗರದ ಶಾಖೆಯಲ್ಲಿ. ಅಲ್ಲಿ ಅವರ ಕೆಲಸ ಒಂಥರಾ ಪತ್ತೇದಾರಿ. ಎಲ್ಲೋ ಆಂಥ್ರಾಕ್ಸ್ ಕಾಣಿಸಿಕೊಂಡ್ರೆ ಜಾಡು ಹಿಡಿದು ಹೋಗಿ ಅದು ವೆಸ್ಟ್‌ಚೆಸ್ಟರ್‌ನ ಒಂದು ಬ್ರಷ್ ಫ್ಯಾಕ್ಟರಿಯಿಂದ ಬಂದಿದ್ದು ಅಂತ ತೋರಿಸಿದ್ರು. ಊಟ ವಿಷವಾಗಿ ಜನ ಸತ್ತಾಗ ಹೊರದೇಶದಿಂದ ಬಂದ ಡಬ್ಬಿ ಮೀನಿನ ತನಕ ಹೋಗಿ ಹಿಡಿದ್ರು. ಇಂಥ ಕೆಲಸ ಪೇಪರಲ್ಲಿ ದೊಡ್ಡದಾಗಿ ಬರಲ್ಲ. ಆದ್ರೆ ಒಂದು ಸೂಕ್ಷ್ಮಜೀವಿಯನ್ನ ಗುರುತಿಸೋದು, ಅದನ್ನ ಸಾಯಿಸದೆ ಬೆಳೆಸೋದು, ಎಲ್ಲಿಂದ ಬಂತು ಅಂತ ಹುಡುಕೋದು, ಈ ಮೂರೂ ವಿದ್ಯೆ ಕೈಗೆ ಹತ್ತಿದ್ದು ಈ ವರ್ಷಗಳಲ್ಲೇ ಅಂತ ನಮಗನ್ನಿಸತ್ತೆ.

1944ರ ಹೊತ್ತಿಗೆ ಇಲಾಖೆಗೆ ಶಿಲೀಂಧ್ರ ರೋಗಗಳ ಬಗ್ಗೆ ತಿಳಿದವರು ಬೇಕಾಯ್ತು. ನ್ಯೂಯಾರ್ಕಿನ ಶಾಲಾ ಮಕ್ಕಳ ತಲೆಯಲ್ಲಿ ಹುಳುಕಡ್ಡಿ ಹಬ್ಬಿದ ಕಾಲ ಅದು. ಕೆಲಸ ಬಂದಿದ್ದು ಹೇಜನ್ ಪಾಲಿಗೆ. ಅವರು ಬ್ಯಾಕ್ಟೀರಿಯಾದವರು, ಶಿಲೀಂಧ್ರ ಅವರ ವಿಷಯವೇ ಅಲ್ಲ. ವಯಸ್ಸು 59ರ ಆಸುಪಾಸು. ಮತ್ತೆ ಕೊಲಂಬಿಯಾಕ್ಕೆ ಹೋಗಿ ರೋಡಾ ಬೆನ್‌ಹ್ಯಾಮ್ ಅನ್ನೋ ಶಿಲೀಂಧ್ರ ವಿಜ್ಞಾನಿಯ ಹತ್ತಿರ ಕಲಿಯೋಕೆ ಕೂತರು! ಸ್ಲೈಡುಗಳು, ಬೆಳೆಸಿದ ಮಾದರಿಗಳು, ಒಂದೊಂದೇ ಸೇರಿಸ್ತಾ ರೋಗ ತರುವ ಶಿಲೀಂಧ್ರಗಳ ಒಂದು ಸಂಗ್ರಹವನ್ನೇ ಕಟ್ಟಿದ್ರು. ಯಾವ ಆಸ್ಪತ್ರೆಯಿಂದ ಯಾವ ಮಾದರಿ ಬಂದ್ರೂ ಇದು ಇಂಥದ್ದು ಅಂತ ಹೋಲಿಸಿ ಹೇಳೋಕೆ ಆಗಬೇಕಲ್ಲ.

ಹೆಸರು ಹೇಳೋಕೆ ಬಂತು, ಆದ್ರೆ ಮದ್ದು ಎಲ್ಲಿ? ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ. ಸ್ಟ್ರೆಪ್ಟೊಮೈಸಿಸ್ ಕುಲದವು ಮಣ್ಣಲ್ಲಿ ಅಕ್ಕಪಕ್ಕದವರ ಜೊತೆ ಜಾಗಕ್ಕಾಗಿ, ಊಟಕ್ಕಾಗಿ ಸದಾ ಜಗಳದಲ್ಲಿರ್ತವೆ. ಮೊದಲ ಮಳೆ ಬಿದ್ದಾಗ ಬರೋ ಮಣ್ಣಿನ ವಾಸನೆಗೂ ಮುಖ್ಯವಾಗಿ ಇವೇ ಕಾರಣ. ಬ್ಯಾಕ್ಟೀರಿಯಾ ಕೊಲ್ಲೋ ಅಸ್ತ್ರ ಇವುಗಳ ಹತ್ತಿರ ಇದ್ರೆ ಶಿಲೀಂಧ್ರ ಕೊಲ್ಲೋದೂ ಇರಬೇಕು ಅನ್ನೋದು ಹೇಜನ್ ಲೆಕ್ಕ. ಆದ್ರೆ ಮಣ್ಣಿನ ಜೀವಿ ಬೆಳೆಸಿದ ಸಾರಿನಲ್ಲಿ ನೂರಾರು ವಸ್ತು ಇರತ್ತೆ, ಅದರಲ್ಲಿ ಕೆಲಸದ್ದು ಯಾವುದು ಅಂತ ಬೇರೆ ಮಾಡೋಕೆ ಕೆಮಿಸ್ಟ್ರಿ ಬೇಕು. ಅದು ಹೇಜನ್‌ಗೆ ಬರಲ್ಲ. ಪ್ರಯೋಗಾಲಯ ವಿಭಾಗದ ನಿರ್ದೇಶಕರಾಗಿದ್ದ ಗಿಲ್ಬರ್ಟ್ ಡಾಲ್‌ಡಾರ್ಫ್ 1948ರಲ್ಲಿ ಅವರನ್ನ ಆಲ್ಬನಿಯ ರೇಚಲ್ ಬ್ರೌನ್ ಜೊತೆ ಸೇರಿಸಿದ್ರು.

ಬ್ರೌನ್ ಹೇಜನ್‌ಗಿಂತ 13 ವರ್ಷ ಚಿಕ್ಕವರು. ಅವರ ದಾರಿಯೂ ಸಲೀಸಲ್ಲ. ಅಜ್ಜಿಯ ಶ್ರೀಮಂತ ಗೆಳತಿಯೊಬ್ಬರು ಫೀಸು ಕಟ್ಟಿದ್ದಕ್ಕೆ ಮೌಂಟ್ ಹೋಲಿಯೋಕ್ ಕಾಲೇಜಲ್ಲಿ ಓದಿದವರು. ಶಿಕಾಗೋದಲ್ಲಿ ಪಿಎಚ್‌ಡಿ ಕೆಲಸ ಮುಗಿಸಿದ್ರು, ಆದ್ರೆ ಮೌಖಿಕ ಪರೀಕ್ಷೆ ತನಕ ಕಾಯೋಕೆ ಕೈಯಲ್ಲಿ ದುಡ್ಡಿರಲಿಲ್ಲ. 1926ರಲ್ಲಿ ಆಲ್ಬನಿಯ ಲ್ಯಾಬಿಗೆ ಸೇರಿ, ಏಳು ವರ್ಷ ಆದ ಮೇಲೆ ಶಿಕಾಗೋಗೆ ಹೋಗಿ ಪರೀಕ್ಷೆ ಕೊಟ್ಟು ಡಿಗ್ರಿ ತಗೊಂಡು ಬಂದ್ರು.

ನ್ಯೂಯಾರ್ಕ್ ನಗರದಿಂದ ಆಲ್ಬನಿಗೆ ಸುಮಾರು 240 ಕಿಲೋಮೀಟರ್, ಹೆಚ್ಚುಕಮ್ಮಿ ಬೆಂಗಳೂರಿಂದ ಹಾಸನಕ್ಕೆ ಹೋಗಿ ಬೇಲೂರು ದಾಟಿದಷ್ಟು. ಈ ದೂರದಲ್ಲಿ ಇಬ್ಬರೂ ಒಂದೇ ಪ್ರಾಜೆಕ್ಟ್ ಮಾಡಿದ್ದು ಅಂಚೆಯ ಮೂಲಕ. ಹೇಜನ್ ಮಣ್ಣಿನ ಮಾದರಿಯಿಂದ ಜೀವಿಗಳನ್ನ ಬೇರೆ ಮಾಡಿ ಬೆಳೆಸಿ, ಅವನ್ನ ಎರಡು ಶಿಲೀಂಧ್ರಗಳ ಎದುರು ಬಿಡ್ತಿದ್ರು. ಒಂದು ಕ್ಯಾಂಡಿಡಾ ಆಲ್ಬಿಕನ್ಸ್, ಇನ್ನೊಂದು ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್. ಯಾವುದಾದ್ರೂ ಇವನ್ನ ತಡೆದ್ರೆ, ಅದನ್ನ ಮುಚ್ಚಳ ಬಿಗಿಯಾದ ಗಾಜಿನ ಜಾರ್‌ಗೆ ಹಾಕಿ ಆಲ್ಬನಿಗೆ ಪೋಸ್ಟ್ ಮಾಡೋದು. ಅಲ್ಲಿನ ಮನೆಗಳಲ್ಲಿ ಹಣ್ಣು, ತರಕಾರಿ ಹಾಕಿಡೋ ಜಾರ್, ನಮ್ಮ ಉಪ್ಪಿನಕಾಯಿ ಬಾಟಲಿಯ ನೆಂಟ. ಬ್ರೌನ್ ಬೇರೆ ಬೇರೆ ದ್ರಾವಕ ಹಾಕಿ ಸತ್ವವನ್ನ ತೆಗೆದು, ಪುಟ್ಟ ಮಾದರಿ ಮಾಡಿ ವಾಪಸ್ ಪೋಸ್ಟ್ ಮಾಡೋರು. ಹೇಜನ್ ಮತ್ತೆ ಅದೇ ಎರಡು ಶಿಲೀಂಧ್ರಗಳ ಮೇಲೆ ಹಾಕಿ ನೋಡೋರು. ಕೆಲಸ ಮಾಡಿದ್ರೆ ಆಮೇಲೆ ಪ್ರಾಣಿಗಳ ಮೇಲೆ ಪರೀಕ್ಷೆ. ಕೋಡ್ ಬರೆದು ಕಂಪೈಲ್ ಕೊಟ್ಟು, ಎರರ್ ಬಂತಾ ಇಲ್ವಾ ಅಂತ ಅಂಚೆಯಣ್ಣನ ದಾರಿ ಕಾಯೋದನ್ನ ಊಹಿಸಿಕೊಳ್ಳಿ.

ಬಹುಪಾಲು ಜಾರ್‌ಗಳ ಗತಿ ಒಂದೇ. ಶಿಲೀಂಧ್ರ ಸಾಯ್ತಿತ್ತು, ಪ್ರಾಣಿಯೂ ಸಾಯ್ತಿತ್ತು. ನೆಂಟಸ್ತಿಕೆಯ ಸಮಸ್ಯೆ ಅಂತ ಮೇಲೆ ಹೇಳಿದ್ವಲ್ಲ, ಅದೇ. ಇಲ್ಲಿ ನಮಗೆ ಇಷ್ಟವಾಗೋ ವಿಷಯ, ಅವರು ಕೊಲ್ಲೋ ವಸ್ತುವನ್ನ ಹುಡುಕ್ತಿರಲಿಲ್ಲ. ಅಂಥವು ಬೇಕಾದಷ್ಟು ಸಿಗ್ತಿದ್ವು. ಒಬ್ಬರನ್ನ ಕೊಂದು ಇನ್ನೊಬ್ಬರನ್ನ ಬಿಡೋ ವಸ್ತುವನ್ನ ಹುಡುಕ್ತಿದ್ರು.

ಸಿಕ್ಕಿದ್ದು ವರ್ಜೀನಿಯಾ ರಾಜ್ಯದಲ್ಲಿ. ವಾರೆಂಟನ್ ಊರಿನ ಹತ್ತಿರ ಹೇಜನ್ ಗೆಳೆಯರಾದ ನೌರ್ಸ್ ಕುಟುಂಬದ ಹೈನಿನ ಫಾರ್ಮ್ ಇತ್ತು. ಅಲ್ಲಿಗೆ ಹೋಗಿದ್ದಾಗ ದನ ಮೇಯೋ ಹುಲ್ಲುಗಾವಲಿನ ಹತ್ತಿರ ಸ್ವಲ್ಪ ಮಣ್ಣು ತಗೊಂಡ್ರು. ನೆಂಟರ ಮನೆಗೆ ಹೋದವರು ಬಾಳೆಗೊನೆಯೋ ಹಲಸಿನಹಣ್ಣೋ ತರ್ತಾರೆ, ಇವರು ಮಣ್ಣು ತಂದ್ರು. ಆ ಮಣ್ಣಲ್ಲಿದ್ದ ಒಂದು ಸ್ಟ್ರೆಪ್ಟೊಮೈಸಿಸ್ ಎರಡು ಶಿಲೀಂಧ್ರನಾಶಕ ವಸ್ತು ತಯಾರಿಸ್ತಿತ್ತು. ಬ್ರೌನ್ ಎರಡನ್ನೂ ಬೇರೆ ಮಾಡಿದ್ರು. ಒಂದು ಆಗಲೇ ಗೊತ್ತಿದ್ದ, ಪ್ರಾಣಿಗಳಿಗೆ ವಿಷವಾಗೋ ವಸ್ತುವಿನಂಥದ್ದು. ಇನ್ನೊಂದು ಹೊಸದು. ಕ್ಯಾಂಡಿಡಾವನ್ನೂ ಕ್ರಿಪ್ಟೊಕಾಕಸ್ಸನ್ನೂ ಅದು ತಡೀತು, ಪ್ರಾಣಿಗಳು ಬದುಕಿ ಉಳಿದ್ವು. ಆ ಜೀವಿಗೆ ಹೇಜನ್ ಫಾರ್ಮಿನವರ ಹೆಸರನ್ನೇ ಇಟ್ರು, ಸ್ಟ್ರೆಪ್ಟೊಮೈಸಿಸ್ ನೌರ್ಸಿ.

1950ರಲ್ಲಿ ಸ್ಕೆನೆಕ್ಟಡಿಯಲ್ಲಿ ನಡೆದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಇಬ್ಬರೂ ಇದನ್ನ ಮಂಡಿಸಿದ್ರು. ಮೊದಲು ಇಟ್ಟ ಹೆಸರು ಫಂಗಿಸಿಡಿನ್. ಆ ಹೆಸರು ಬೇರೆಯವರು ಆಗಲೇ ಬಳಸಿದ್ರಂತೆ, ಹಾಗಾಗಿ ನಿಸ್ಟಾಟಿನ್ ಆಯ್ತು. ತಮ್ಮ ಹೆಸರನ್ನ ಇಬ್ಬರೂ ಎಲ್ಲೂ ತೂರಿಸಲಿಲ್ಲ ಅನ್ನೋದನ್ನ ಗಮನಿಸಿ. ಜೀವಿಗೆ ಗೆಳೆಯರ ಹೆಸರು, ಔಷಧಕ್ಕೆ ರಾಜ್ಯದ ಹೆಸರು.

ಇದು ಹೇಗೆ ಕೆಲಸ ಮಾಡತ್ತೆ ಅನ್ನೋದು ಆಮೇಲೆ ಬೇರೆಯವರ ಸಂಶೋಧನೆಗಳಿಂದ ಬಿಡಿಸಿಕೊಂಡಿತು. ನಮ್ಮ ಜೀವಕೋಶದ ಪೊರೆ ಗಟ್ಟಿಯಾಗಿರೋಕೆ ಕೊಲೆಸ್ಟರಾಲ್ ಬೇಕು. ಶಿಲೀಂಧ್ರದ ಪೊರೆಯಲ್ಲಿ ಅದೇ ಜಾಗದಲ್ಲಿ ಎರ್ಗೋಸ್ಟರಾಲ್ ಅನ್ನೋ ಅದರ ಸೋದರಸಂಬಂಧಿ ಇರತ್ತೆ. ನಿಸ್ಟಾಟಿನ್‌ಗೆ ಎರ್ಗೋಸ್ಟರಾಲ್ ಮೇಲೆ ಒಲವು ಜಾಸ್ತಿ. ಹೋಗಿ ಅದಕ್ಕೆ ಅಂಟಿಕೊಂಡು ಪೊರೆಯಲ್ಲಿ ತೂತು ಮಾಡತ್ತೆ, ಒಳಗಿನ ಪೊಟ್ಯಾಸಿಯಂ ಸೋರಿಹೋಗಿ ಕೋಶ ಸಾಯತ್ತೆ. ಎರಡು ಅಣುಗಳ ನಡುವಿನ ಅಷ್ಟು ಚಿಕ್ಕ ವ್ಯತ್ಯಾಸದ ಮೇಲೆ ಇಡೀ ಔಷಧ ನಿಂತಿದೆ. ವ್ಯತ್ಯಾಸ ಚಿಕ್ಕದಾದ್ದರಿಂದಲೇ ಅಪಾಯವೂ ಇದೆ. ನಿಸ್ಟಾಟಿನ್ ಅನ್ನು ನೇರವಾಗಿ ರಕ್ತಕ್ಕೆ ಚುಚ್ಚಿದ್ರೆ ನಮ್ಮ ಕೋಶಗಳಿಗೂ ಪೆಟ್ಟು. ನುಂಗಿದ್ರೆ ಕರುಳಿನಿಂದ ರಕ್ತಕ್ಕೆ ಹೋಗೋದೇ ಇಲ್ಲ ಅನ್ನುವಷ್ಟು ಕಮ್ಮಿ. ಅಂದ್ರೆ ಬಾಯಿ, ಕರುಳು, ಚರ್ಮ, ಇಷ್ಟೇ ಅದರ ರಾಜ್ಯ. ರಕ್ತಕ್ಕೆ ಇಳಿದ ಕ್ಯಾಂಡಿಡಾ, ಮೆದುಳಿಗೆ ಹತ್ತಿದ ಕ್ರಿಪ್ಟೊಕಾಕಸ್, ಇವನ್ನ ಅದು ಮುಟ್ಟೋಕೆ ಆಗಲ್ಲ.

ಹಾಗಾದ್ರೆ ಅರ್ಧ ಗೆಲುವೇ? ಹೌದು, ಅರ್ಧವೇ. ಆದ್ರೆ ಉಳಿದರ್ಧಕ್ಕೆ ದಾರಿ ಇದೇ ತೆಗೀತು. ನಿಸ್ಟಾಟಿನ್ ತಯಾರಿಸೋ ಲೈಸೆನ್ಸ್ ಪಡೆದಿದ್ದ ಸ್ಕ್ವಿಬ್ ಕಂಪನಿಯ ಸಂಶೋಧಕರು ಅದೇ ಜಾಡಿನಲ್ಲಿ ಹೋಗಿ, ವೆನೆಜುವೆಲಾದ ಒರಿನೊಕೊ ನದಿ ಕಡೆಯ ಮಣ್ಣಿನಲ್ಲಿದ್ದ ಇನ್ನೊಂದು ಸ್ಟ್ರೆಪ್ಟೊಮೈಸಿಸ್‌ನಿಂದ 1950ರ ದಶಕದ ನಡುವಿನಲ್ಲಿ ಆಂಫೊಟೆರಿಸಿನ್ ಬಿ ತೆಗೆದ್ರು. ನಿಸ್ಟಾಟಿನ್‌ನದೇ ಮನೆತನ, ಅದೇ ಎರ್ಗೋಸ್ಟರಾಲ್, ಅದೇ ತೂತು. ಇದನ್ನ ರಕ್ತನಾಳಕ್ಕೆ ಕೊಡಬಹುದಿತ್ತು. ಆದ್ರೆ ಚಳಿಜ್ವರ ಬರೋದು, ಕಿಡ್ನಿಗೆ ಏಟು ಬೀಳೋದು. ಎಷ್ಟೋ ವರ್ಷ ಕಾದು, ಇನ್ನೊಬ್ಬರು ಕೊಟ್ಟ ಕಿಡ್ನಿ ಹಾಕಿಸಿಕೊಂಡವರಿಗೆ ಕಿಡ್ನಿ ಹಾಳುಮಾಡೋ ಔಷಧ ಕೊಡೋ ಡಾಕ್ಟರ ಸಂಕಟ ಯೋಚನೆ ಮಾಡಿ. 1990ರ ದಶಕದಲ್ಲಿ ಆಂಫೊಟೆರಿಸಿನ್ ಅನ್ನು ಕೊಬ್ಬಿನ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸೇರಿಸಿ ಕೊಡೋ ಲೈಪೊಸೋಮಲ್ ರೂಪ ಬಂದ ಮೇಲೆ ಕಿಡ್ನಿಗೆ ಪೆಟ್ಟು ಕಮ್ಮಿ ಆಯ್ತು, ಪೂರ್ತಿ ಹೋಗಲಿಲ್ಲ.

ಈ ಹೆಸರು ನಮ್ಮಲ್ಲಿ ಅನೇಕರು ಕೇಳಿರ್ತೀರಿ. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಅಂತ ಟಿವಿ ತುಂಬಾ ಬರ್ತಿತ್ತಲ್ಲ, ಆಗ ಕರ್ನಾಟಕದಲ್ಲೂ ಸಿಗದೆ ಜನ ಪರದಾಡಿದ ಇಂಜೆಕ್ಷನ್ ಇದೇ, ಲೈಪೊಸೋಮಲ್ ಆಂಫೊಟೆರಿಸಿನ್ ಬಿ. ಕಾಯಿಲೆ ಮ್ಯೂಕರ್‌ನದು. ಅಲ್ಲಿ ಸೆಕ್ಯುರಿಟಿಗೆ ಮಂಪರು ಬರಿಸಿದ್ದು ಸ್ಟೀರಾಯ್ಡು ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ. ಕಸಿ ಆದವರಿಗೆ ಆ ಅಪಾಯ ಕೋವಿಡ್‌ಗಿಂತ ಮುಂಚೆಯೂ ಇತ್ತು, ಈಗಲೂ ಇದೆ.

ಕಾಕತಾಳೀಯ ಅಂದ್ರೆ, ನಿಸ್ಟಾಟಿನ್ ಮಾತ್ರೆಯಾಗಿ ಮಾರುಕಟ್ಟೆಗೆ ಬಂದಿದ್ದು 1954ರಲ್ಲಿ. ಅದೇ ವರ್ಷ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ತಂಡ ಒಬ್ಬ ಅವಳಿಯ ಕಿಡ್ನಿಯನ್ನ ಇನ್ನೊಬ್ಬ ಅವಳಿಗೆ ಹಾಕಿ ಮೊದಲ ಬಾರಿಗೆ ಗೆದ್ದಿದ್ದು. ತದ್ರೂಪಿ ಅವಳಿಗಳಾದ್ದರಿಂದ ಅಲ್ಲಿ ಪ್ರತಿರೋಧ ಅಡಗಿಸೋ ಔಷಧ ಬೇಕಾಗಲಿಲ್ಲ. ಬೇರೆಯವರ ಅಂಗ ಹಾಕೋಕೆ ಶುರುವಾಗಿ ಸ್ಟೀರಾಯ್ಡ್, ಅಜಾಥಯೋಪ್ರಿನ್ ಬಂದ 1960ರ ದಶಕದಲ್ಲಿ ಆಪರೇಷನ್ ಗೆದ್ದು, ಅಂಗವೂ ಉಳಿದು, ರೋಗಿ ಸೋಂಕಿನಿಂದ ಸಾಯೋದು ಮಾಮೂಲಾಯ್ತು. ಆಗ ಡಾಕ್ಟರುಗಳ ಕೈಯಲ್ಲಿ ಇದ್ದಿದ್ದು ಮುಖ್ಯವಾಗಿ ಈ ಎರಡೇ ಮದ್ದು, ಹೊರಗೆ ಕಾಯೋಕೆ ನಿಸ್ಟಾಟಿನ್, ಒಳಗೆ ಹೋರಾಡೋಕೆ ಆಂಫೊಟೆರಿಸಿನ್. ಹೇಜನ್ ಲ್ಯಾಬಲ್ಲಿ ಪರೀಕ್ಷೆಗೆ ಅಂತ ಇಟ್ಟುಕೊಂಡಿದ್ದ ಕ್ಯಾಂಡಿಡಾ, ಕ್ರಿಪ್ಟೊಕಾಕಸ್ ಎರಡೂ ಕಸಿ ವಾರ್ಡಿನ ಹಳೇ ವೈರಿಗಳು.

ಮಣ್ಣಿನ ಮಾತು ಬಂದಿದ್ದಕ್ಕೆ ಇನ್ನೊಂದು. 1980ರ ದಶಕದಲ್ಲಿ ಕಸಿಯ ದಿಕ್ಕನ್ನೇ ಬದಲಿಸಿದ ಸೈಕ್ಲೋಸ್ಪೊರಿನ್ ನಾರ್ವೆಯ ಮಣ್ಣಿನ ಒಂದು ಶಿಲೀಂಧ್ರದಿಂದ ಸಿಕ್ಕಿದ್ದು. ಇವತ್ತು ಹೆಚ್ಚು ಬಳಕೆಯಲ್ಲಿರೋ ಟ್ಯಾಕ್ರೊಲಿಮಸ್ ಜಪಾನಿನ ತ್ಸುಕುಬಾ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದ. ಸೆಕ್ಯುರಿಟಿಗೆ ಮಂಪರು ಬರಿಸೋದೂ ಮಣ್ಣಿಂದ, ಅದರಿಂದಾದ ಅನಾಹುತ ತಡೆಯೋದೂ ಮಣ್ಣಿಂದ.

ಈಗ ಕಸಿ ಆದವರ ಗಂಭೀರ ಶಿಲೀಂಧ್ರ ಸೋಂಕಿಗೆ ಹೊಸ ಔಷಧಗಳಿವೆ. ರಕ್ತದ ಕ್ಯಾಂಡಿಡಾಗೆ ಕ್ಯಾಸ್ಪೊಫಂಗಿನ್ ತರದವು, ಅವು ಶಿಲೀಂಧ್ರದ ಹೊರಗೋಡೆಯನ್ನೇ ಕಟ್ಟೋಕೆ ಬಿಡಲ್ಲ. ಆಸ್ಪರ್‌ಜಿಲಸ್‌ಗೆ ವೊರಿಕೊನಜೋಲ್. ಮ್ಯೂಕರ್‌ಗೆ ಲೈಪೊಸೋಮಲ್ ಆಂಫೊಟೆರಿಸಿನ್, ಜೊತೆಗೆ ಕೊಳೆತ ಭಾಗವನ್ನ ಆಪರೇಷನ್ ಮಾಡಿ ತೆಗೆಯೋದು. ಆದ್ರೂ ಇದು ಸಲೀಸಾದ ಲೆಕ್ಕ ಅಲ್ಲ. ವೊರಿಕೊನಜೋಲ್ ಲಿವರ್‌ನಲ್ಲಿ ಒಂದು ಕಿಣ್ವವನ್ನ ತಡೆಯತ್ತೆ. ಟ್ಯಾಕ್ರೊಲಿಮಸ್ ಕರಗೋದು ಅದೇ ಕಿಣ್ವದಿಂದ. ಎರಡನ್ನೂ ಒಟ್ಟಿಗೆ ಕೊಟ್ರೆ ಟ್ಯಾಕ್ರೊಲಿಮಸ್ ರಕ್ತದಲ್ಲಿ ಏರಿ ಕಿಡ್ನಿಗೆ ವಿಷವಾಗತ್ತೆ. ಅದಕ್ಕೇ ಅದರ ಡೋಸನ್ನ ಮೂರನೇ ಒಂದು ಭಾಗಕ್ಕೆ ಇಳಿಸಿ ಶುರು ಮಾಡಿ, ರಕ್ತ ಪರೀಕ್ಷೆ ಮಾಡ್ತಾ ಸರಿಹೊಂದಿಸ್ತಾರೆ. ಶಿಲೀಂಧ್ರ ಔಷಧ ನಿಲ್ಲಿಸಿದ ದಿನ ಡೋಸನ್ನ ಮತ್ತೆ ಏರಿಸೋದು ಮರೆತರೆ ಮೈ ಅಂಗವನ್ನ ತಿರಸ್ಕರಿಸಬಹುದು. ಸೋಂಕು ಜೋರಾದಾಗ ಪ್ರತಿರೋಧ ಅಡಗಿಸೋ ಮಾತ್ರೆಯನ್ನೇ ಕಮ್ಮಿ ಮಾಡ್ತಾರೆ. ಅದನ್ನೂ ಒಮ್ಮೆಗೇ ಮಾಡೋ ಹಾಗಿಲ್ಲ, ಅಂಗ ಹೋಗಬಹುದು, ಇಲ್ಲವೇ ಎಚ್ಚೆತ್ತ ಸೆಕ್ಯುರಿಟಿ ಸೋಂಕಿದ್ದ ಕಡೆ ಮೈಮೇಲೆ ಬಂದವರ ಹಾಗೆ ಹೊಡೆದು ಉರಿಯೂತ ಎಬ್ಬಿಸಬಹುದು. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಲ್ಲಿ ನಿದ್ದೆ ಮಾಡೋರು ಇದನ್ನ ಇನ್ನೊಮ್ಮೆ ಓದಿ.

ನಿಸ್ಟಾಟಿನ್ ರಕ್ತಕ್ಕೆ ಹೋಗಲ್ಲ ಅನ್ನೋ ಕೊರತೆ ಇಲ್ಲಿ ಗುಣವಾಗಿ ತಿರುಗಿತು. ರಕ್ತಕ್ಕೆ ಹೋಗದ ಔಷಧ ಲಿವರ್ ಕಿಣ್ವದ ತಂಟೆಗೂ ಹೋಗಲ್ಲ, ಟ್ಯಾಕ್ರೊಲಿಮಸ್ ಲೆಕ್ಕವನ್ನ ಕೆಡಿಸಲ್ಲ. ಬಾಯಿಯ ಕ್ಯಾಂಡಿಡಾ ಕೆಳಗಿಳಿಯೋ ಮುಂಚೆಯೇ ಅದನ್ನ ಬಾಗಿಲಲ್ಲೇ ತಡೆದು ನಿಲ್ಲಿಸತ್ತೆ. 70 ವರ್ಷ ದಾಟಿದ ಹಳೇ ಔಷಧ ಆ ಹಳದಿ ಬಾಟಲಿಯಲ್ಲಿ ಇನ್ನೂ ಉಳಿದಿರೋದಕ್ಕೆ ಇದೂ ಒಂದು ಕಾರಣ.

ದುಡ್ಡಿನ ವಿಷಯ ಹೇಳಲೇಬೇಕು. ಪೇಟೆಂಟ್ ಅನ್ನು ರಿಸರ್ಚ್ ಕಾರ್ಪೊರೇಷನ್ ಅನ್ನೋ ಲಾಭಕ್ಕಲ್ಲದ ಸಂಸ್ಥೆ ನೋಡಿಕೊಳ್ತು. 1957ರಲ್ಲಿ ಪೇಟೆಂಟ್ ಸಿಕ್ಕಿತು. ಅವಧಿ ಮುಗಿಯೋ ಹೊತ್ತಿಗೆ ಒಟ್ಟು 1 ಕೋಟಿ 30 ಲಕ್ಷ ಡಾಲರ್ ಮೀರಿ ರಾಯಲ್ಟಿ ಬಂತು. ಹೇಜನ್, ಬ್ರೌನ್ ಇಬ್ಬರೂ ಅದರಲ್ಲಿ ಒಂದು ಡಾಲರ್ ಕೂಡ ತಗೊಳ್ಳಲಿಲ್ಲ. ಅರ್ಧ ಆ ಸಂಸ್ಥೆಯ ಬೇರೆ ಸಂಶೋಧನಾ ಅನುದಾನಗಳಿಗೆ, ಇನ್ನರ್ಧ ಬ್ರೌನ್-ಹೇಜನ್ ನಿಧಿಗೆ. ಆ ನಿಧಿಯಿಂದ ಎಷ್ಟೋ ಜನ ಓದಿದ್ರು, ಶಿಲೀಂಧ್ರ ರೋಗಗಳ ಸಂಶೋಧನೆಗೆ ಬೇರೆ ಯಾರೂ ಅಷ್ಟಾಗಿ ದುಡ್ಡು ಹಾಕದಿದ್ದ ಕಾಲದಲ್ಲಿ ಅದು ದೊಡ್ಡ ಆಸರೆ. ತಾವಿಬ್ಬರೂ ಸಂಬಳದಲ್ಲೇ ಬದುಕಿದ್ರು. ಸ್ಟಾರ್ಟಪ್, ವ್ಯಾಲ್ಯುಯೇಷನ್ ಅಂತ ಕ್ಯಾಂಟೀನಲ್ಲಿ ಮಾತಾಡೋ ನಾವು ಇದನ್ನ ಹೇಗೆ ನೋಡಬೇಕೋ ನಿಮಗೇ ಬಿಟ್ಟಿದ್ದು. ನಮ್ಮಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ.

ಔಷಧ ಆಸ್ಪತ್ರೆಯಾಚೆಗೂ ಹೋಯ್ತು. 1966ರಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೋ ನದಿ ಉಕ್ಕಿ ಊರೇ ಮುಳುಗಿದಾಗ, ನೆನೆದ ಹಳೇ ವರ್ಣಚಿತ್ರಗಳ ಮೇಲೆ ಬೂಷ್ಟು ಬೆಳೆಯದಂತೆ ನಿಸ್ಟಾಟಿನ್ ಬಳಸಿದ್ರು.

ಹೇಜನ್ ಕೊನೆಯ ವರ್ಷಗಳು ಬೇಗ ಹೇಳಿಬಿಡಬಹುದು, ಅವರು ಸದ್ದು ಮಾಡದ ಮನುಷ್ಯರು. ಪ್ರಚಾರ ಅಂದ್ರೆ ಆಗ್ತಿರಲಿಲ್ಲ. 1954ರಲ್ಲಿ ನ್ಯೂಯಾರ್ಕ್ ಶಾಖೆ ಮುಚ್ಚಿದಾಗ ಆಲ್ಬನಿಗೆ ಹೋದ್ರು, ಹಾಗಾಗಿ ಜಾರ್ ಪೋಸ್ಟ್ ಮಾಡೋ ಕೆಲಸ ಕೊನೆಗೂ ತಪ್ಪಿತು. ಇಬ್ಬರೂ ಸೇರಿ ಇನ್ನೆರಡು ಆಂಟಿಬಯಾಟಿಕ್ ಕಂಡುಹಿಡಿದ್ರು, ಅವು ನಿಸ್ಟಾಟಿನ್ ಅಷ್ಟು ಓಡಲಿಲ್ಲ. 1955ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ರೋಗ ತರುವ ಶಿಲೀಂಧ್ರಗಳನ್ನ ಲ್ಯಾಬಲ್ಲಿ ಗುರುತಿಸೋದು ಹೇಗೆ ಅನ್ನೋ ಪುಸ್ತಕ ಬರೆದ್ರು. 1960ರಲ್ಲಿ ರಿಟೈರ್ ಆದ್ರು, ಆಗ ವಯಸ್ಸು 75. ಆಮೇಲೂ ಮನೆಯಲ್ಲಿ ಕೂರಲಿಲ್ಲ, ಕೊಲಂಬಿಯಾದ ಶಿಲೀಂಧ್ರ ಲ್ಯಾಬಿಗೆ ಅತಿಥಿ ಸಂಶೋಧಕಿಯಾಗಿ ಹೋದ್ರು. 1973ರಲ್ಲಿ ಕಾಯಿಲೆಯಾಗಿದ್ದ ಅಕ್ಕನನ್ನ ನೋಡೋಕೆ ಅಂತ ಸಿಯಾಟಲ್‌ಗೆ ಹೋದವರು ತಾವೇ ಕಾಯಿಲೆ ಬಿದ್ದು ಅಲ್ಲೇ ಉಳಿದ್ರು. 1975ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರ ಸಂಸ್ಥೆ ಇಬ್ಬರಿಗೂ ಕೆಮಿಕಲ್ ಪಯೊನೀರ್ ಪ್ರಶಸ್ತಿ ಕೊಡ್ತು, ಅದನ್ನ ಪಡೆದ ಮೊದಲ ಮಹಿಳೆಯರು ಇವರೇ. ಅದೇ ವರ್ಷ ಜೂನ್ 24ರಂದು ಹೇಜನ್ ತೀರಿಕೊಂಡರು, 90 ತುಂಬೋಕೆ ಎರಡು ತಿಂಗಳು ಬಾಕಿ ಇತ್ತು. ಬ್ರೌನ್ 1980ರ ಜನವರಿಯಲ್ಲಿ ಆಲ್ಬನಿಯಲ್ಲಿ ಹೋದ್ರು. 1994ರಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಅಮೆರಿಕದ ಆವಿಷ್ಕಾರಕರ ಗೌರವಪಟ್ಟಿಗೆ ಸೇರಿತು.

ನಿಸ್ಟಾಟಿನ್ ಅಣು ದೊಡ್ಡದು, ತೊಡಕಿನದು. ಫ್ಯಾಕ್ಟರಿಗಳಲ್ಲಿ ಇವತ್ತಿಗೂ ಅದನ್ನ ರಾಸಾಯನಿಕ ಸೇರಿಸಿ ಕಟ್ಟಲ್ಲ. ಸ್ಟ್ರೆಪ್ಟೊಮೈಸಿಸ್ ನೌರ್ಸಿಯನ್ನ ದೊಡ್ಡ ಟ್ಯಾಂಕುಗಳಲ್ಲಿ ಹಾಕಿ, ಸಕ್ಕರೆ ಕೊಟ್ಟು, ಗಾಳಿ ಊದಿ, ಹುಳಿ ಬರಿಸೋ ಹಾಗೆ ಬೆಳೆಸ್ತಾರೆ. ಅದು ತಯಾರಿಸಿ ಕೊಡತ್ತೆ, ಬ್ರೌನ್ ಮಾಡಿದ ಹಾಗೇ ದ್ರಾವಕ ಹಾಕಿ ಬೇರೆ ಮಾಡ್ಕೊಳ್ತಾರೆ.